ಹೊತ್ತು ಇನ್ನೂ ಐತಿ, ಆಯಿ

ಹೋದ ತಿಂಗಳು ಗೋಕಾಕದ ಪೇಟೆಯಲ್ಲಿ ಒಂದು ಪುಗ್ಗಾ ನನ್ನನ್ನು ನಡುರಸ್ತೆಯಲ್ಲಿ ನಿಲ್ಲಿಸಿತು. ಅಂಗಡಿಯವ ಹೊಸ ಪೊಟ್ಟಣ ಒಡೆದು ಪುಗ್ಗಾ ಊದುತ್ತಿದ್ದ. ರಬ್ಬರಿನ ವಾಸನೆ, ಅದರ ಮೇಲೆ ಸವರಿದ ಬಿಳಿ ಪುಡಿಯ ವಾಸನೆ. ಉಳಿದವರಿಗೆ ಅದು ಹುಟ್ಟುಹಬ್ಬದ ವಾಸನೆ ಇರಬಹುದು. ನನಗೆ ಆಂಬುಲೆನ್ಸಿನ ಕೈಗವಸಿನದು. ಆ ಕೈಗವಸು ಹಾಕಿ, ಬಿಚ್ಚಿ, ಮತ್ತೆ ಹಾಕಿ, ಊಟಕ್ಕೆ ಕೂತರೂ ಬೆರಳಿಗೆ ಅದೇ ವಾಸನೆ ಇರುತ್ತಿದ್ದ ಒಂದು ಚಳಿಗಾಲವಿತ್ತು. ನಾನು ಹುಕ್ಕೇರಿಯ ಬಸ್ಸು ಹಿಡಿಯಬೇಕಾಗಿತ್ತು. ಹಿಡಿದದ್ದು ಮೂಡಲಗಿಯ ಬಸ್ಸು. ಹದಿನೈದು ವರ್ಷ ಹೋಗದ ಊರಿಗೆ ಒಂದು ಪುಗ್ಗಾ ನೋಡಿ ಹೊರಟೆ ಅಂದರೆ ಯಾರಾದರೂ ನಗುತ್ತಾರೆ. ನಗಲಿ.

ಆಗ ಆ ಹೊಸ ಆಂಬುಲೆನ್ಸ್ ಸೇವೆ ಶುರುವಾಗಿ ಒಂದೇ ವರ್ಷ. ಫೋನು ಮಾಡಿದರೆ ಗಾಡಿ ಮನೆಬಾಗಿಲಿಗೆ ಬರುತ್ತದೆ, ಅದರಲ್ಲಿ ಆಕ್ಸಿಜನ್ ಇರುತ್ತದೆ, ಒಬ್ಬ ಕಲಿತವರು ಇರುತ್ತಾರೆ ಎಂಬುದನ್ನು ಜನ ಇನ್ನೂ ಪೂರ್ತಿ ನಂಬಿರಲಿಲ್ಲ. ಆ ಕಲಿತವರು ಅಂದರೆ ನಾನು. ನನ್ನ ಕೆಲಸಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಊರವರ ಬಾಯಲ್ಲಿ ನಾನು ನರ್ಸಬಾಯಿ. ಗಾಡಿ ಓಡಿಸುತ್ತಿದ್ದ ದಸ್ತಗೀರ ಮಾಮಾಗೆ ಕಾಗದದಲ್ಲಿ ಪೈಲಟ್ ಎಂದು ಹೆಸರು. "ವಿಮಾನ ಒಂದು ಕೊಟ್ಟಿಲ್ಲ ಸಿಸ್ಟರ್, ಬಾಕಿ ಎಲ್ಲಾ ಬರೋಬರಿ ಐತಿ" ಎನ್ನುತ್ತಿದ್ದರು. ಇಬ್ಬರೂ ಮೂಡಲಗಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಫೋನಿಗೆ ಕಾಯುವುದು, ಫೋನು ಬಂದರೆ ಓಡುವುದು. ಹೆರಿಗೆ, ಹಾವು, ವಿಷ, ಬೈಕು. ಕಬ್ಬಿನ ಹಂಗಾಮು ಶುರುವಾದ ಮೇಲೆ ಎರಡೆರಡು ಟ್ರೇಲರ್ ಜಗ್ಗುವ ಟ್ರ್ಯಾಕ್ಟರುಗಳು. ಕೊಣ್ಣೂರಿನ ಕಡೆ ಹೋದರೆ ರಸ್ತೆಯ ತುಂಬ ಉದುರಿದ ಕಬ್ಬು, ಗಾಳಿಯ ತುಂಬ ಬೆಲ್ಲ ಕುದಿಯುವ ವಾಸನೆ. ಗಾಡಿಯ ಒಳಗೆ ಮಾತ್ರ ರಬ್ಬರು ಮತ್ತು ಸ್ಪಿರಿಟ್ಟು.

ಸರ್ಟಿಫಿಕೇಟಿಗೆ ಒಂದೇ ವರ್ಷದ ಆಯುಷ್ಯ. ವರ್ಷ ತುಂಬಿದ ಮೇಲೆ ಮತ್ತೆ ಕೈಕೆಲಸದ ಪರೀಕ್ಷೆ ಕೊಟ್ಟು ನವೀಕರಿಸಿಕೊಳ್ಳಬೇಕು. ಗೋಕಾಕದಲ್ಲಿ ಒಂದು ಬಾಡಿಗೆ ಹಾಲಿನಲ್ಲಿ ಐದು ಟೇಬಲ್ಲು ಹಾಕಿದ್ದರು. ಒಂದರಲ್ಲಿ ಉಸಿರು, ಒಂದರಲ್ಲಿ ಎದೆ ಒತ್ತುವುದು, ಒಂದರಲ್ಲಿ ಮುರಿದ ಮೂಳೆ, ಒಂದರಲ್ಲಿ ಹೆರಿಗೆ. ಮೂಳೆಯ ಟೇಬಲ್ಲಿನಲ್ಲಿ ನನ್ನನ್ನು ಮೀರಿಸುವವರೇ ಇರಲಿಲ್ಲ. ಕುರಿಮರಿಯ ಕಾಲು ಮುರಿದರೆ ನನ್ನಪ್ಪ ಬಿದಿರಿನ ಸೀಳು ಇಟ್ಟು ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಕೊನೆಯ ಟೇಬಲ್ಲು ರೋಗಿಯನ್ನು ಪರೀಕ್ಷಿಸುವುದು. ರಬ್ಬರಿನ ಗೊಂಬೆಯೊಂದು ಅಂಗಾತ ಬಿದ್ದಿತ್ತು. ನಾನು ಹೋದವಳೇ ಉಸಿರು ನೋಡಿ, ನಾಡಿ ನೋಡಿ, ತಲೆಯಿಂದ ಕಾಲಿನವರೆಗೆ ಎರಡು ನಿಮಿಷದಲ್ಲಿ ಮುಗಿಸಿ ಎದ್ದೆ. ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರು ಪೆನ್ನು ಮುಚ್ಚಿದರು.

"ಯಾರ ಒಪ್ಪಿಗೆ ಕೇಳಿ ಮುಟ್ಟಿದಿರಿ?"

"ಇದು ಗೊಂಬಿ ಐತಿ ಸರ್."

"ಗೊಂಬೆ ಎಂದು ತಿಳಿದುಕೊಂಡೇ ಮುಟ್ಟಿದಿರಿ. ಅದೇ ತಪ್ಪು. ನಾನು ಇಂಥವಳು, ನಿಮಗೆ ಸಹಾಯ ಮಾಡಲೇ ಎಂದು ಕೇಳಬೇಕು. ಅವರು ಹೂಂ ಅನ್ನಬೇಕು. ಆಮೇಲೆ ಕೈ."

ನನಗೆ ಪಿತ್ತ ನೆತ್ತಿಗೇರಿತು. ಮೊದಲಿನಿಂದಲೂ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ರಸ್ತಾದಾಗ ಬಿದ್ದವರಿಗೆ ಮುಟ್ಟಲೇನ್ರಿ ಅಂತ ಕೇಳ್ಕೋತ ಕುಂತ್ರ ಜೀವ ಉಳಿತೈತೇನ್ರಿ ಸರ್?" ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ನಾಪಾಸು ಎಂದು ಬರೆದು ಕಾಗದ ನನ್ನ ಕೈಗೆ ಕೊಟ್ಟರು. ಒಂದೂವರೆ ತಿಂಗಳ ನಂತರ ಇನ್ನೊಂದೇ ಅವಕಾಶ. ಅದರಲ್ಲೂ ಹೋದರೆ ಬ್ಯಾಡ್ಜು ವಾಪಸು, ಕೆಲಸವೂ ವಾಪಸು.

ಕೆಲಸ ಹೋದರೆ ನನಗೆ ಇದ್ದದ್ದು ನಿಡಸೋಸಿಯ ಆಚೆಗಿನ ಅಣ್ಣನ ಮನೆ. ಹತ್ತೊಂಬತ್ತಕ್ಕೆ ಮದುವೆಯಾಗಿ ವರ್ಷ ತುಂಬುವುದರೊಳಗೆ ಟ್ರಂಕು ಹೊತ್ತುಕೊಂಡು ಅಲ್ಲಿಗೇ ತಿರುಗಿ ಬಂದಿದ್ದೆ. ಅಣ್ಣ ಒಂದು ಮಾತು ಆಡಲಿಲ್ಲ. ನರ್ಸಿಂಗ್ ಓದಿಸಿದ. ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ಯಾರಾದರೂ ನೆಂಟರು ಬಂದರೆ ನನ್ನನ್ನು ತೋರಿಸಿ "ನಮ್ಮ ನಾದಿನಿ, ಇಲ್ಲೇ ಇರ್ತಾಳ" ಎನ್ನುವಾಗ ಅವಳ ದನಿ ಇಳಿಯುತ್ತಿತ್ತು. ಆ ಇಳಿದ ದನಿಯನ್ನು ಜನ್ಮವಿಡೀ ಕೇಳಿಸಿಕೊಳ್ಳಲು ನಾನು ತಯಾರಿರಲಿಲ್ಲ. ಒಂದು ಸಲ ತಿರುಗಿ ಬಂದವಳೆಂದರೆ ಜನ ಪಾಪ ಎನ್ನುತ್ತಾರೆ. ಎರಡನೇ ಸಲ ಬಂದರೆ ಏನೆನ್ನುತ್ತಾರೋ ಅದನ್ನು ಕೇಳಬಾರದೆಂಬ ಹಟವಿತ್ತು.

ಮೂಡಲಗಿಯಲ್ಲಿ ನನ್ನದೊಂದು ಬಾಡಿಗೆ ಕೋಣೆ. ಮನೆಯೊಡತಿ ಜೈನರ ಹೆಣ್ಣುಮಗಳು, ಎಪ್ಪತ್ತು ದಾಟಿದವರು. ಮಕ್ಕಳಾಗಿರಲಿಲ್ಲ, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮುಂದಿನ ಕೋಣೆಯಲ್ಲಿ ದಾರ, ಗುಂಡಿ, ಲೇಸು, ರಿಬ್ಬನ್ನು ಇಟ್ಟುಕೊಂಡು ವ್ಯಾಪಾರ ಮಾಡುತ್ತಿದ್ದರು. ಮೈದುನನ ಸೊಸೆ ಸುನಂದಾ ಹಿಂದಿನ ಓಣಿಯಿಂದ ದಿನಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಊರಿಗೆಲ್ಲ ಅವರು ಆಯಿ. ಮಾತು ಕಡಿಮೆ, ಲೆಕ್ಕ ಜಾಸ್ತಿ. ಗುಂಡಿಯನ್ನು ಡಜನ್ನಿಗೆ ಹನ್ನೊಂದು ಕೊಟ್ಟವರೂ ಅಲ್ಲ, ಹದಿಮೂರು ಕೊಟ್ಟವರೂ ಅಲ್ಲ. ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿದು, ಒಲೆ ಆರಿ, ಪಾತ್ರೆ ಬೋರಲಾಗಿರುತ್ತಿತ್ತು. ಆಮೇಲೆ ಬೆಳಗಿನವರೆಗೆ ಒಂದು ಗುಟುಕು ನೀರೂ ಇಲ್ಲ. ನಾನು ಹನ್ನೆರಡು ತಾಸಿನ ಪಾಳಿ ಮುಗಿಸಿ ಬಂದು ರೊಟ್ಟಿ ಬಡಿಯುವ ಹೊತ್ತಿಗೆ ಆ ಮನೆಯಲ್ಲಿ ಅಡುಗೆಯ ವಾಸನೆ ನನ್ನದೊಂದೇ. ಒಬ್ಬಳೇ ಉಣ್ಣುವುದು ರೂಢಿಯಾಗುತ್ತದೆ ಎನ್ನುತ್ತಾರೆ. ನನಗಂತೂ ಆಗಲಿಲ್ಲ. ಮೊದಲ ತುತ್ತು ಬಾಯಿಗಿಡುವಾಗ ಪ್ರತಿ ದಿನವೂ ಯಾರಾದರೂ ಎದುರಿಗೆ ಕೂತಿರಬೇಕಿತ್ತು ಅನಿಸುತ್ತಿತ್ತು.

ಪರೀಕ್ಷೆಗೆ ತಯಾರಿ ಮಾಡಲು ಗೊಂಬೆ ಎಲ್ಲಿಂದ ತರುವುದು? ಅವ್ವ ಹೊಲಿದುಕೊಟ್ಟಿದ್ದ ಕೌದಿಯನ್ನು ಉದ್ದಕ್ಕೆ ಸುತ್ತಿ, ನಡುವಿಗೆ ಎರಡು ಕಡೆ ಹಗ್ಗ ಕಟ್ಟಿ, ತಲೆಯ ಜಾಗದಲ್ಲಿ ತಂಬಿಗೆ ಇಟ್ಟೆ. ನನ್ನ ರೋಗಿ ತಯಾರಾದ. ಬಣ್ಣಬಣ್ಣದ ತುಂಡುಗಳ ಮೈ, ಹಿತ್ತಾಳೆಯ ತಲೆ. ರಾತ್ರಿಪಾಳಿಯ ವಾರಗಳಲ್ಲಿ ಎಂಟಕ್ಕೆ ಡ್ಯೂಟಿ. ಅದಕ್ಕೆ ಮೊದಲು ಸಂಜೆ ಮುಖ ತೊಳೆದುಕೊಂಡು ಅವನ ಮುಂದೆ ಮಂಡಿಯೂರಿ ಶುರುಮಾಡುತ್ತಿದ್ದೆ. "ಅಜ್ಜಾರ, ನಾನು ಆಂಬುಲೆನ್ಸಿನಾಕಿ, ಲಕ್ಕವ್ವ. ಕೇಳಸಾಕತ್ತೈತೇನ್ರಿ? ನಿಮಗ ಸಹಾಯ ಮಾಡಲೇನ್ರಿ?" ಮೊದಲ ದಿನ ನನಗೇ ನಾಚಿಕೆಯಾಯಿತು. ಎರಡನೇ ದಿನ ಬಾಗಿಲು ದಡದಡ ಬಡಿದ ಸದ್ದು.

ಆಯಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು.

"ಒಳಗ ಯಾರದಾರ?"

"ಯಾರೂ ಇಲ್ಲರಿ ಆಯಿ."

"ಯಾರೂ ಇಲ್ಲ ಅಂದ್ರ ಅಜ್ಜಾರ ಅಂತ ಯಾರನ್ನ ಕರಿಯಾಕತ್ತಿದ್ದಿ? ಗಂಡಸರು ಬರೋದು ನನ್ನ ಮನ್ಯಾಗ ನಡಿಯಾಂಗಿಲ್ಲ. ಮೊದಲ ಹೇಳೇನಿ."

ನಾನು ಬಾಗಿಲು ಪೂರ್ತಿ ತೆರೆದೆ. ಆಯಿ ಕೌದಿಯನ್ನು ನೋಡಿದರು, ತಂಬಿಗೆಯನ್ನು ನೋಡಿದರು, ನನ್ನ ಕೈಯಲ್ಲಿದ್ದ ರಬ್ಬರಿನ ಗವಸು ನೋಡಿದರು. ನಾನು ಪರೀಕ್ಷೆ, ನಾಪಾಸು, ಒಪ್ಪಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆಯಿ "ತಂಬಿಗಿ ನಂದು. ನಾಳೆ ಮುಂಜಾನೆ ಬೇಕು" ಎಂದು ಹೇಳಿ ಹೋದರು.

ಮಾರನೆಯ ಸಂಜೆ ನಾನು ಮತ್ತೆ ಶುರುಮಾಡಿದೆ. "ನಿಮಗ ಸಹಾಯ ಮಾಡಲೇನ್ರಿ?" ಎಂದೆ. ಗೋಡೆಯ ಆಚೆಯಿಂದ, ಆಯಿ ಮಲಗುವ ಪಡಸಾಲೆಯಿಂದ ದನಿ ಬಂತು. "ಹೂಂ. ಮಾಡು ಬಾಳಾ."

ನಾನು ನಕ್ಕೆ. ಬಹಳ ದಿನದ ಮೇಲೆ ಆ ಕೋಣೆಯಲ್ಲಿ ನಕ್ಕಿದ್ದೆ. ಅಂದಿನಿಂದ ಅದೇ ಪದ್ಧತಿಯಾಯಿತು. ನಾನು ಈ ಕಡೆ ಕೌದಿಯನ್ನು ಕೇಳುವುದು, ಆಯಿ ಆ ಕಡೆಯಿಂದ ಕೌದಿಯ ಪರವಾಗಿ ಒಪ್ಪುವುದು. ಕೆಲವು ದಿನ "ಎಲ್ಲಿ ನೋವು ಐತ್ರಿ?" ಎಂದರೆ "ಮೊಣಕಾಲು" ಎನ್ನುತ್ತಿದ್ದರು. ಅದು ಕೌದಿಯ ಮೊಣಕಾಲೋ ಆಯಿಯದೋ ನಾನು ಕೇಳಲಿಲ್ಲ. ಎದುರಾಬದುರಾ ಸಿಕ್ಕರೆ ಮತ್ತೆ ಮಾತಿಲ್ಲ. ಬಾಗಿಲ ಬಳಿ ಕಸ ಬಿದ್ದಿದೆ, ನಲ್ಲಿ ಸರಿಯಾಗಿ ಬಂದುಮಾಡು, ಅಷ್ಟೇ. ಆದರೂ ದಿನಕ್ಕೊಂದು "ಹೂಂ" ನನ್ನ ಪಾಲಿಗೆ ಬರುತ್ತಿತ್ತು. ಅದಕ್ಕಾಗಿ ನಾನು ಸಂಜೆಗೆ ಕಾಯುತ್ತಿದ್ದೆ ಎಂದು ಈಗ ಹೇಳಿಕೊಳ್ಳಲು ಸಂಕೋಚವಿಲ್ಲ.

ಪರೀಕ್ಷೆಗೆ ಐದು ದಿನ ಉಳಿದಿತ್ತು. ಅಂದು ಶುಕ್ರವಾರ, ಚತುರ್ದಶಿ, ಆಯಿಯ ಉಪವಾಸ. ಅಂಥ ದಿನ ಕಾಯಿಸಿ ಆರಿಸಿದ ನೀರೊಂದೇ, ಅದೂ ಹೊತ್ತು ಇರುವಾಗ ಮಾತ್ರ. ಸಂಜೆ ನಾನು ಕೌದಿಯ ಮುಂದೆ ಕೂತು, "ಸಹಾಯ ಮಾಡಲೇನ್ರಿ?" ಎಂದೆ. ಆ ಕಡೆಯಿಂದ ಏನೂ ಇಲ್ಲ. ದೊಡ್ಡ ದನಿಯಲ್ಲಿ ಮತ್ತೊಮ್ಮೆ ಕೇಳಿದೆ. ಇಲ್ಲ. ಮೂರನೇ ಸಲ ಕೇಳುತ್ತಲೇ ಎದ್ದೆ.

ಪಡಸಾಲೆಗೆ ಓಡಿದೆ. ಆಯಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದರು. ಮೈ ತಣ್ಣಗೆ, ಹಣೆಯ ಮೇಲೆ ಬೆವರು, ಬೆರಳು ನಡುಗುತ್ತಿದ್ದವು. ತಲೆಯ ಬಳಿ ಗುಳಿಗೆಯ ಚೀಟಿ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಅನ್ನ ಬಿಟ್ಟಿದ್ದರು, ಆದರೆ ಗುಳಿಗೆ ಊಟವಲ್ಲವಲ್ಲ. ಅದನ್ನು ತಪ್ಪದೆ ಮುಂಜಾನೆ ತಗೊಂಡಿದ್ದರು. ಖಾಲಿ ಹೊಟ್ಟೆಯಲ್ಲಿ ಆ ಗುಳಿಗೆ ದಿನವಿಡೀ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇತ್ತು. ನಾನು ಫೋನು ಮಾಡಿದೆ. ನನ್ನದೇ ಗಾಡಿಯನ್ನು ಹಗಲುಪಾಳಿಯವರು ಹೆರಿಗೆಯ ಕೇಸಿಗೆಂದು ಗೋಕಾಕಕ್ಕೆ ಒಯ್ದಿದ್ದರು. ಬರಲು ಮುಕ್ಕಾಲು ತಾಸು ಎಂದರು.

ಮುಕ್ಕಾಲು ತಾಸು ಕಾಯುವ ಸ್ಥಿತಿ ಅಲ್ಲ. ನುಂಗುವ ಎಚ್ಚರ ಇನ್ನೂ ಇತ್ತು. ಅದು ಹೋದರೆ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಒಂದು ಲೋಟದಲ್ಲಿ ನಾಲ್ಕು ಚಮಚ ಸಕ್ಕರೆ ಕದಡಿಕೊಂಡು ಬಂದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

"ಆಯಿ, ನಾ ಲಕ್ಕವ್ವ. ನಿಮಗ ಸಕ್ಕರಿ ಇಳದೈತಿ. ಇಷ್ಟು ಕುಡೀರಿ. ಕುಡಸಲೇನ್ರಿ?"

ಅವರು ಕಣ್ಣು ತೆರೆದರು. ನನ್ನನ್ನು ಗುರುತಿಸಿದರು. ತುಟಿ ಬಿಗಿಹಿಡಿದು ತಲೆ ಆಡಿಸಿದರು. "ಬ್ಯಾಡ. ಹೊತ್ತು ಮುಳಗೇತಿ."

ಹೊತ್ತು ಮುಳುಗಿತ್ತು. ಹೊರಗೆ ಕಂಬದ ಲೈಟು ಹತ್ತಿತ್ತು. ಒಪ್ಪಿಗೆಯಿಲ್ಲದೆ ಮುಟ್ಟಬಾರದೆಂದು ಒಂದು ತಿಂಗಳು ಕೌದಿಯ ಮುಂದೆ ಕೂತು ಕಲಿತವಳು ನಾನು. ಸಕ್ಕರೆ ಇಳಿದವರ ಬುದ್ಧಿ ಮಂಕಾಗಿರುತ್ತದೆ, ಅವರ ಬೇಡವನ್ನು ಬೇಡವೆಂದು ಹಿಡಿಯಬೇಕಿಲ್ಲ ಎಂದು ಪುಸ್ತಕದಲ್ಲಿತ್ತು. ಆದರೆ ಆಯಿಯ ಬುದ್ಧಿ ಮಂಕಾಗಿರಲಿಲ್ಲ. ಅರವತ್ತು ವರ್ಷ ಹಿಡಿದ ನೇಮ ಅದು, ನಡುಗುವ ಬಾಯಲ್ಲೂ ಸ್ಪಷ್ಟವಾಗಿ ಬಂದಿತ್ತು. ಬಲವಂತವಾಗಿ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಸುಮ್ಮನೆ ಕೂತರೆ ಹೋಗಿಯೇಬಿಡುತ್ತಾರೆ. ಆ ಗೋಡೆಯ ಆಚೆ ಮತ್ತೆ ಯಾರೂ ಇರುವುದಿಲ್ಲ. ನನಗೆ ಆ ಕ್ಷಣದಲ್ಲಿ ಹೊಳೆದದ್ದು ಅದೊಂದೇ, ಯಾವ ಪುಸ್ತಕವೂ ಅಲ್ಲ. ಕೈ ಚಾಚಿ ಬಾಗಿಲು ಮುಂದೆ ಮಾಡಿದೆ, ಕಂಬದ ಬೆಳಕು ಒಳಗೆ ಬೀಳದಂತೆ.

"ಹೊತ್ತು ಇನ್ನೂ ಐತಿ, ಆಯಿ" ಎಂದೆ. "ಮಾಡ ಕವದೈತಿ, ಅದಕ್ಕ ಕತ್ತಲಿ ಆದಂಗ ಕಾಣತೈತಿ. ಈಗಷ್ಟ ನೋಡಿ ಬಂದೆ. ಖರೇ ಹೇಳತೇನಿ."

ಆಯಿ ನನ್ನ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದಂತೆ ನೆನಪು. ನಿಜಕ್ಕೂ ನಾಲ್ಕೈದು ಉಸಿರಿನಷ್ಟಿರಬೇಕು. ಆಮೇಲೆ ಬಾಯಿ ತೆರೆದರು. ಗುಟುಕು ಗುಟುಕಾಗಿ ಪೂರ್ತಿ ಲೋಟ ಕುಡಿದರು. ನನ್ನ ಕಣ್ಣೀರು ಅವರ ಹಣೆಯ ಮೇಲೆ ಬೀಳುತ್ತಿತ್ತು, ಬೆವರಿನ ಜೊತೆ ಅದನ್ನೂ ಸೆರಗಿನಿಂದ ಒರೆಸಿದೆ. ಕಾಲು ತಾಸಿನಲ್ಲಿ ಕೈ ಬೆಚ್ಚಗಾಯಿತು. ಗಾಡಿ ಬಂದಾಗ ಆಯಿ ಗೋಡೆಗೆ ಒರಗಿ ಕೂತು, "ಇಷ್ಟಕ್ಕ ಗಾಡಿ ಯಾಕ ತಂದ್ರಿ" ಎಂದು ಗಾಡಿಯವರನ್ನೇ ಬೈದರು.

ಐದು ದಿನದ ನಂತರ ಗೋಕಾಕದಲ್ಲಿ ಅದೇ ಹಾಲು, ಅದೇ ಗೊಂಬೆ, ಅದೇ ಪರೀಕ್ಷಕರು. ದಸ್ತಗೀರ ಮಾಮಾ ತಮ್ಮ ರಜೆಯ ದಿನ ನನ್ನ ಜೊತೆ ಬಸ್ಸಿನಲ್ಲಿ ಬಂದು ಹೊರಗೆ ಚಹದ ಗಾಡಿಯ ಬಳಿ ನಿಂತಿದ್ದರು. ನಾನು ಮಂಡಿಯೂರಿ ಗೊಂಬೆಯ ಭುಜ ತಟ್ಟಿ ಕೇಳಿದೆ. "ನಾನು ಲಕ್ಕವ್ವ. ನಿಮಗ ಸಹಾಯ ಮಾಡಲೇನ್ರಿ?" ಕೇಳಿ, ಉತ್ತರಕ್ಕೆ ಕಾದೆ. ಪರೀಕ್ಷಕರು ಗೊಂಬೆಯ ಪರವಾಗಿ ಹೂಂ ಅನ್ನುವುದನ್ನು ಮರೆತು ನನ್ನನ್ನೇ ನೋಡುತ್ತಿದ್ದರು. ನಾನು ಕಾಯುತ್ತಲೇ ಇದ್ದೆ.

ಕೊನೆಗೆ ಅವರು ಒಂದು ಪ್ರಶ್ನೆ ಕೇಳಿದರು. "ರೋಗಿಗೆ ಎಚ್ಚರವಿದೆ, ಬುದ್ಧಿ ಸರಿಯಿದೆ, ಬೇಡ ಎನ್ನುತ್ತಾರೆ. ಏನು ಮಾಡುತ್ತೀರಿ?"

"ಅಪಾಯ ಏನೈತಿ ಅಂತ ತಿಳಿಸಿ ಹೇಳತೇನ್ರಿ. ಮತ್ತ ಕೇಳತೇನಿ. ಆಗಲೂ ಬ್ಯಾಡ ಅಂದ್ರ ಫೋನಿನ್ಯಾಗ ಡಾಕ್ಟರಿಗೆ ಹೇಳಿ, ಕಾಗದದ ಮ್ಯಾಲೆ ಅವರ ಸಹಿ ತಗೋತೇನ್ರಿ."

"ಸುಳ್ಳು ಹೇಳಿ ಒಪ್ಪಿಸುತ್ತೀರಾ?"

"ಇಲ್ಲರಿ ಸರ್."

ಪೂರ್ತಿ ಅಂಕ ಬಂತು. ಅವರು ಹೆಸರಿನ ಮುಂದೆ ಸಹಿ ಮಾಡುವಾಗ ನನ್ನ ಕಿವಿ ಬಿಸಿಯಾಗಿತ್ತು. ಒಂದು ವಾರದಲ್ಲಿ ಅದು ನನ್ನ ಎರಡನೇ ಸುಳ್ಳು. ಹೊರಗೆ ಬಂದು ಮಾಮಾಗೆ ಹೇಳಿದೆ, ಅವರು ಇನ್ನೊಂದು ಚಹಾ ಹೇಳಿದರು. ಅಣ್ಣನಿಗೆ ಫೋನು ಮಾಡಿದೆ. "ಛಲೋ ಆತು ನೋಡು" ಎಂದ, ಹಿಂದೆ ಮಷೀನಿನ ಸದ್ದಿತ್ತು, ಅಷ್ಟಕ್ಕೇ ಕಟ್ಟಾಯಿತು. ಸರ್ಟಿಫಿಕೇಟು ಇನ್ನೊಂದು ವರ್ಷ ನನ್ನದಾಗಿತ್ತು, ಅದನ್ನು ತೋರಿಸಲು ಇದ್ದದ್ದು ಒಂದೇ ಮನೆ. ಆ ಮನೆಗೆ ಹೋಗಿ ಆಯಿಯ ಮುಖ ನೋಡುವುದು ಹೇಗೆಂದು ನನಗೆ ತಿಳಿಯಲಿಲ್ಲ.

"ಪಾಸಾದೆನ್ರಿ ಆಯಿ" ಎಂದೆ ಬಾಗಿಲಲ್ಲೇ ನಿಂತು.

"ಆಗತಿ ಅಂತ ಗೊತ್ತಿತ್ತು. ತಂಬಿಗಿ ಒಳಗಿಡು."

ಆ ಶುಕ್ರವಾರ ಸುನಂದಾ ತಂದಿಟ್ಟ ಸಾರನ್ನು ಆಯಿ ವಾಪಸು ಕಳಿಸಿದ್ದು ಕಂಡೆ. ಉಪ್ಪಿಲ್ಲದೆ ಬೇಳೆ ಬೇಯಿಸಿಕೊಂಡು ಉಂಡರು. ಅದರ ಮುಂದಿನ ಶುಕ್ರವಾರವೂ ಹಾಗೆಯೇ. ಬಿಪಿ ಇರಬೇಕೆಂದುಕೊಂಡೆ, ನರ್ಸಬಾಯಿ ಅಲ್ಲವೇ ನಾನು, ಎಲ್ಲಕ್ಕೂ ಒಂದು ಕಾಯಿಲೆ ಹುಡುಕುವವಳು. ಹೇಳಿಬಿಡಬೇಕೆಂದು ಎಷ್ಟೋ ಸಲ ಪಡಸಾಲೆಯ ಹೊಸ್ತಿಲವರೆಗೆ ಹೋದೆ. ಅರವತ್ತು ವರ್ಷದ ನೇಮವನ್ನು ಮೋಸದಿಂದ ಮುರಿಸಿದೆ ಎಂದು ಯಾವ ಬಾಯಿಂದ ಹೇಳುವುದು? ನನ್ನ ಇಷ್ಟು ಜೋರು ಬಾಯಿ ಅಲ್ಲಿ ಮಾತ್ರ ಕಟ್ಟಿಹೋಯಿತು. ಕೌದಿಯನ್ನು ಬಿಚ್ಚಿ ಹೊದ್ದುಕೊಂಡೆ. ಸಂಜೆಯ ಪ್ರಶ್ನೆಯೂ ನಿಂತಿತು, ಗೋಡೆಯ ಆಚೆಯ ಹೂಂ ಕೂಡ ನಿಂತಿತು. ಪಾಸಾದ ಮೇಲೆ ನಾನು ಮೊದಲಿಗಿಂತ ಒಂಟಿಯಾದೆ. ಬೇಸಿಗೆ ಬರುವ ಮೊದಲೇ ಹುಕ್ಕೇರಿಯ ಗಾಡಿಗೆ ಹಾಕಿದರು. ಹೊರಡುವ ದಿನ ಆಯಿ ಒಂದು ಡಜನ್ ಗುಂಡಿ ಪೊಟ್ಟಣ ಕಟ್ಟಿ ಕೊಟ್ಟರು. ಬಸ್ಸಿನಲ್ಲಿ ಬಿಚ್ಚಿ ಎಣಿಸಿದೆ. ಹದಿಮೂರಿದ್ದವು.

ಆಮೇಲೆ ನಾನು ಆ ಕಡೆ ತಲೆಹಾಕಲಿಲ್ಲ. ಅವರು ತೀರಿಹೋದ ಸುದ್ದಿಯೂ ಎರಡು ತಿಂಗಳು ತಡವಾಗಿ ತಿಳಿಯಿತು.

ಪುಗ್ಗಾದ ದಿನ ನಾನು ಹೋದಾಗ ಮುಂದಿನ ಕೋಣೆಯಲ್ಲಿ ಅದೇ ದಾರ, ಅದೇ ಲೇಸು. ಕೂತಿದ್ದವಳು ಸುನಂದಾ, ತಲೆಯೆಲ್ಲ ಹಣ್ಣಾಗಿತ್ತು. ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. "ಕೌದಿ ಜೋಡಿ ಮಾತಾಡಾಕಿ" ಎಂದು ನಕ್ಕು ಒಳಗೆ ಕರೆದಳು. ಪಡಸಾಲೆಯಲ್ಲಿ ಆಯಿಯ ಫೋಟೋ ಇತ್ತು. ಅದರ ಕೆಳಗೆ ಕೂತು ನಾನು ಮೊದಲ ಬಾರಿಗೆ ಆ ಸಂಜೆಯ ಸುಳ್ಳನ್ನು ಬಾಯಿಬಿಟ್ಟು ಹೇಳಿದೆ. ಸುನಂದಾ ಅಡ್ಡಬಾಯಿ ಹಾಕದೆ ಕೇಳಿದಳು.

"ಆಯಿಗೆ ಗೊತ್ತಿತ್ತಲ್ಲರಿ" ಎಂದಳು.

"ಏನು?"

"ಹೊತ್ತು ಮುಳಗಿದ್ದು. ಶುಕ್ರವಾರ ಯಾಕ ಉಪ್ಪು ಬಿಟ್ಟಿ ಅಂತ ನಾ ಒಮ್ಮಿ ಭಾಳ ಕಾಡಿ ಕೇಳಿದ್ದೆ. ಹೊತ್ತು ಮುಳಗಿದ ಮ್ಯಾಲೆ ಬಾಯಾಗ ನೀರು ಹಾಕ್ಕೊಂಡೇನಿ, ಗೊತ್ತಿದ್ದs ಹಾಕ್ಕೊಂಡೇನಿ, ಅದರ ದಂಡ ಇದು ಅಂದ್ರು. ಹೋಗೋತನಕ ಬಿಡಲಿಲ್ಲ."

"ಗೊತ್ತಿದ್ದು ಯಾಕ ಕುಡದ್ರು?"

ಸುನಂದಾ ಫೋಟೋದ ಕಡೆ ನೋಡಿ ಹೇಳಿದಳು. "ನಾನೂ ಅದನ್ನs ಕೇಳಿದೆ. ಆ ಹುಡುಗಿಗೆ ಸುಳ್ಳು ಹೇಳಾಕ ಬರಾಂಗಿಲ್ಲ, ಗಳಗಳ ಅಳಾಕತ್ತಿದ್ಲು ಅಂದ್ರು. ನಾ ಹೋದ್ರ ಆಕಿಗೆ ಹೂಂ ಅನ್ನಾಕ ಯಾರದಾರ ಅಂದ್ರು."

ನಾನು ಗೋಡೆಯ ಕಡೆ ತಿರುಗಿದೆ. ಗೋಡೆಯ ಆಚೆಗಿನ ನನ್ನ ಹಳೆಯ ಕೋಣೆಯಲ್ಲಿ ಈಗ ಲೇಸಿನ ಡಬ್ಬಿಗಳನ್ನು ಜೋಡಿಸಿಟ್ಟಿದ್ದರು. ಹದಿನೈದು ವರ್ಷ ನಾನು ಅವರನ್ನು ಮೋಸಮಾಡಿದೆ ಎಂದುಕೊಂಡು ದೂರ ಉಳಿದಿದ್ದೆ. ಅವರು ಪ್ರತಿ ಶುಕ್ರವಾರ ಸಪ್ಪೆ ಉಂಡು ನನ್ನ ಪಾಲನ್ನೂ ತೀರಿಸಿದ್ದರು. ಒಂದು ಸಲ ಬಂದು ಬಾಗಿಲು ಬಡಿದಿದ್ದರೆ ಸಾಕಿತ್ತು. ಬಡಿಯಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ.

ನಾನು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಾಗ ಸುನಂದಾ ಅದನ್ನು ಕೈಯಿಂದ ಇಸಿದುಕೊಂಡಳು. ಒಳಗೆ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

"ಎಲ್ಲಿ ಹೊಂಟ್ರಿ? ಕೈಕಾಲು ತೊಳಕೊಂಡು ಬರ್ರಿ, ಜೋಡೀಲೆ ಊಟಾ ಮಾಡೂಣು. ಹೊತ್ತು ಇನ್ನೂ ಐತಿ."

ನಾನು ಬಾಗಿಲಿನಿಂದ ಹೊರಗೆ ನೋಡಿದೆ. ಎದುರಿನ ಗೋಡೆಯ ಮೇಲೆ ಬಿಸಿಲು ಇನ್ನೂ ಇತ್ತು. "ಹೂಂರಿ" ಎಂದೆ.